ಕ್ಯಾರವಾನ್‌ಗೆ ಮೈಸೂರು ಒಂದು ಅಂಗಳ ಕೊಡಲಿ

ಕುವೆಂಪುನಗರದ ನಮ್ಮ ಬೀದಿಯಲ್ಲಿ ಕ್ಯಾರವಾನ್ ನಿಂತಿರುವುದನ್ನು ಕಂಡವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಮೈಲೇಜು. ಒಳಗೆ ಹತ್ತಿ ಹಾಸಿಗೆ ಒತ್ತಿ ನೋಡುತ್ತಾರೆ, ಸಿಂಕಿನ ನಲ್ಲಿ ತಿರುಗಿಸುತ್ತಾರೆ, ‘ಚೆನ್ನಾಗಿದೆ ಸಾರ್, ಸಿನಿಮಾದವರ ಗಾಡಿ ಥರಾನೇ ಇದೆ’ ಎಂದು ಇಳಿಯುತ್ತಾರೆ. ಕಕ್ಕಸಿನ ಟ್ಯಾಂಕು ತುಂಬಿದರೆ ಎಲ್ಲಿ ಖಾಲಿ ಮಾಡುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗಾಡಿ ಕೊಳ್ಳಲು ಹೊರಟವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ, ಪ್ರವಾಸಿಗರನ್ನು ಕೈಬೀಸಿ ಕರೆಯುವ ನಮ್ಮ ಊರೂ ಅದನ್ನು ಯೋಚಿಸಿಲ್ಲ. ನಾನು ಬರೆಯಲು ಕೂತದ್ದು ಆ ಪ್ರಶ್ನೆಗಾಗಿ.

ನಾವು ಈ ಗಾಡಿ ಕೊಂಡದ್ದು ಶೋಕಿಗಲ್ಲ. ನಮ್ಮ ಮನೆಯವರಿಗೆ ಕರುಳಿನ ಆಪರೇಷನ್ ಆದಮೇಲೆ ಪದೇ ಪದೇ ಶೌಚಾಲಯ ಬೇಕಾಗುತ್ತದೆ. ಬೇಕೆನಿಸಿದ ಮೇಲೆ ತಡೆದುಕೊಳ್ಳಲಾಗದು. ಮಗಳು ಇರುವುದು ಮಂಗಳೂರಿನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯಬೇಕು. ಆ ದಾರಿಯಲ್ಲಿ ಯಾವ ಬಂಕಿನ ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ, ಯಾವುದರಲ್ಲಿ ನೀರಿರುವುದಿಲ್ಲ, ಯಾವ ಹೋಟೆಲಿನವರು ಮುಖ ಸಿಂಡರಿಸದೆ ಒಳಗೆ ಬಿಡುತ್ತಾರೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಬೆಂಗಳೂರಿನ ದಾರಿ 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆಯಿತು. ಬೇಗ ತಲಪುತ್ತೇವೆ, ನಿಜ. ಆದರೆ ಮುಖ್ಯ ಪಥದಲ್ಲಿ ಹೋಗುತ್ತಿರುವಾಗ ಅವಸರವಾದರೆ ಸರ್ವಿಸ್ ರಸ್ತೆಗೆ ಇಳಿದು ಹುಡುಕಬೇಕು. ಬರುಬರುತ್ತ ಅವರು ಮದುವೆ ಮುಂಜಿಗೂ ಬರುವುದನ್ನು ಬಿಟ್ಟರು. ‘ನೀವು ಹೋಗಿ ಬನ್ನಿ ಅಂದ್ರೆ, ನನ್ನ ಪಾಡಿಗೆ ನಾನಿರ್ತೀನಿ’ ಎನ್ನುತ್ತಿದ್ದರು. ಮೊಮ್ಮಗುವಿನ ನಾಮಕರಣಕ್ಕೂ ಹಾಗೇ ಅಂದಾಗ ನಾನು ನಿವೃತ್ತಿಯ ಹಣದ ಲೆಕ್ಕ ಹಾಕಲು ಕೂತೆ. ದಾರಿಯಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲದಿರುವುದು ಎಷ್ಟೋ ಮನೆಗಳಲ್ಲಿ ಹೆಂಗಸರು ಪ್ರಯಾಣವನ್ನೇ ನಿಲ್ಲಿಸಲು ಕಾರಣವಾಗಿದೆ. ಅವರು ಅದನ್ನು ಬಾಯಿಬಿಟ್ಟು ಹೇಳದೆ ಮಂಡಿನೋವು, ಸುಸ್ತು ಎಂದು ನೆಪ ಹೇಳುತ್ತಾರೆ.

ನಾನು ಹೂಟಗಳ್ಳಿಯ ಆಕ್ಸಲ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತನಾದವನು. ಮೈಸೂರೆಂದರೆ ಅರಮನೆ, ಮಲ್ಲಿಗೆ, ಪಾಕ್ ಎನ್ನುವವರಿಗೆ ಈ ಇನ್ನೊಂದು ಮೈಸೂರು ಕಾಣುವುದಿಲ್ಲ. ದೇಶದ ಎಷ್ಟೋ ಲಾರಿ ಬಸ್ಸುಗಳ ಆಕ್ಸಲ್ ಹೂಟಗಳ್ಳಿಯಲ್ಲಿ ತಯಾರಾಗುತ್ತದೆ. ಅವುಗಳ ಟೈರು ಮೇಟಗಳ್ಳಿಯಲ್ಲಿ. ಜೆಕೆ ಟೈರ್ 1997ರಲ್ಲಿ ಕೊಂಡುಕೊಂಡರೂ ಹಳಬರ ಬಾಯಲ್ಲಿ ಅದಿನ್ನೂ ವಿಕ್ರಾಂತ್. ಗಣಿಗಳಲ್ಲಿ ಓಡುವ ದೈತ್ಯ ಡಂಪರುಗಳನ್ನೂ ಡೀಸೆಲ್ ಎಂಜಿನ್ನುಗಳನ್ನೂ ಬೆಮೆಲ್ ಮಾಡುತ್ತದೆ. ಭಾರ ಹೊರುವ ಗಾಡಿಗಳ ಒಳಹೊರಗು ಬಲ್ಲ ಕೈಗಳು ಇಷ್ಟೊಂದಿರುವ ಊರು ಕರ್ನಾಟಕದಲ್ಲಿ ಬಹಳ ಇಲ್ಲ. ಹಾಗಾಗಿ ಈ ವಿಷಯದಲ್ಲಿ ಮೈಸೂರಿನವರು ಮಾತಾಡಬೇಕು ಎಂದು ನನಗನಿಸುತ್ತದೆ.

ಡೀಸೆಲ್ ಯಾಕೆ ಎಂದು ಕೇಳುವವರಿಗೆ ಉತ್ತರ ಘಾಟಿಯಲ್ಲಿದೆ. ನಮ್ಮದು ಟೆಂಪೊ ಟ್ರಾವೆಲರ್ ಚಾಸಿಯ ಮೇಲೆ ಕಟ್ಟಿದ ಗಾಡಿ, ಜನ ಟಿಟಿ ಎನ್ನುತ್ತಾರಲ್ಲ, ಅದೇ. 2.6 ಲೀಟರಿನ ಅದರ ಎಂಜಿನ್ ಹಳೆಯ ಮರ್ಸಿಡಿಸ್ ಓಎಂ 616ರ ವಂಶದ್ದು. 115 ಅಶ್ವಶಕ್ತಿ ಎಂಬುದು ದೊಡ್ಡ ಸಂಖ್ಯೆಯಲ್ಲ. ಇಂದಿನ ಕಾರುಗಳಲ್ಲೂ ಅಷ್ಟಿರುತ್ತದೆ. ನೋಡಬೇಕಾದದ್ದು ಟಾರ್ಕ್. 350 ನ್ಯೂಟನ್ ಮೀಟರ್ ಎಳೆತ ಅದಕ್ಕೆ 1,400 ಆರ್‌ಪಿಎಂಗೇ ಸಿಕ್ಕಿಬಿಡುತ್ತದೆ. ಅಂದರೆ ಎಂಜಿನ್ ಅರಚಿಕೊಳ್ಳದೆ, ಕ್ಲಚ್ಚು ಸುಡದೆ, ಟನ್ನುಗಟ್ಟಲೆ ಭಾರ ಮಡಿಕೇರಿಯ ಏರು ಹತ್ತುತ್ತದೆ. ಇಳಿಯುವಾಗ ಮಾತ್ರ ಡ್ರೈವರ್ ಬುದ್ಧಿ ಉಪಯೋಗಿಸಬೇಕು. ಏರಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ತುಳಿದುಕೊಂಡೇ ಇರಬಾರದು. ಕಾದ ಬ್ರೇಕ್ ಲೈನರು ಹಿಡಿಯುವುದಿಲ್ಲ.

ಕೊಳ್ಳುವವರಿಗೆ ನಾನು ಒತ್ತಿ ಹೇಳುವ ಮಾತು ತೂಕದ್ದು. ಶೋರೂಮಿನಲ್ಲಿ ತೋರಿಸುವ ಗಾಡಿ ಖಾಲಿ ಗಾಡಿ. ಇನ್ನೂರು ಲೀಟರ್ ನೀರು ತುಂಬಿದರೆ ಇನ್ನೂರು ಕಿಲೋ ಏರಿತು. ದೊಡ್ಡ ಲೆಡ್ ಆಸಿಡ್ ಬ್ಯಾಟರಿ ಒಂದೊಂದೂ ನಲವತ್ತು ಐವತ್ತು ಕಿಲೋ. ಎಸಿ, ಫ್ರಿಜ್, ಪ್ಲೈವುಡ್ಡಿನ ಬೀರು, ಹಾಸಿಗೆ, ಪಾತ್ರೆಪಡಗ, ಅಕ್ಕಿಬೇಳೆ, ಆಮೇಲೆ ನಾವು. ಇಷ್ಟೂ ಸೇರಿ ಆರ್‌ಸಿ ಪುಸ್ತಕದಲ್ಲಿ ಬರೆದ ಒಟ್ಟು ತೂಕವನ್ನು ಮೀರಬಾರದು. ಒಟ್ಟು ತೂಕ ಸರಿಯಿದ್ದರೂ ಸಾಲದು, ಯಾವ ಆಕ್ಸಲ್ ಮೇಲೆ ಎಷ್ಟು ಕೂತಿದೆ ಎಂಬುದು ಬೇರೆಯದೇ ಲೆಕ್ಕ. ನೀರಿನ ಟ್ಯಾಂಕನ್ನು ಹಿಂದಿನ ಚಕ್ರಕ್ಕಿಂತ ಹಿಂದೆ ಜೋಡಿಸಿದ ಗಾಡಿಗಳನ್ನು ನಾನು ನೋಡಿದ್ದೇನೆ. ಟ್ಯಾಂಕು ತುಂಬಿದರೆ ಹಿಂದಿನ ಆಕ್ಸಲ್ ಮೇಲೆ ಟ್ಯಾಂಕಿನ ತೂಕಕ್ಕಿಂತ ಹೆಚ್ಚು ಬೀಳುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ, ಸ್ಟಿಯರಿಂಗ್ ಕೈಗೆ ತೇಲಿದಂತಾಗುತ್ತದೆ. ಮಳೆಯಲ್ಲಿ ಅದು ಪ್ರಾಣಕ್ಕೆ ಸಂಚಕಾರ. ಬಂಡಿಪಾಳ್ಯದ ಎಪಿಎಂಸಿ ಕಡೆ ವೇಬ್ರಿಡ್ಜುಗಳಿವೆ. ಟ್ಯಾಂಕೆಲ್ಲ ತುಂಬಿಸಿ, ಸಾಮಾನು ಏರಿಸಿ, ಮನೆಮಂದಿ ಕೂತು ಅಲ್ಲಿಗೆ ಹೋಗಿ. ಮೊದಲು ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿ, ಆಮೇಲೆ ಇಡೀ ಗಾಡಿ. ಅಲ್ಲಿ ಸಿಗುವ ಎರಡು ಚೀಟಿಗಳು ಮಾರಾಟಗಾರರ ಎಲ್ಲ ಮಾತಿಗಿಂತ ಮೇಲು.

ಹಳೆಯ ಟಿಟಿ ಕೊಂಡು ಪರಿಚಯದ ಗ್ಯಾರೇಜಿನಲ್ಲಿ ಸೀಟು ಕಿತ್ತು ಮಂಚ ಕೂರಿಸಿದರೆ ಅರ್ಧ ದುಡ್ಡಿಗೆ ಆಗುತ್ತದಲ್ಲ ಎಂದು ಕೇಳುವ ಹುಡುಗರಿದ್ದಾರೆ. ಬೇಡ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತವಾಗಿ ಹೇಳಿದೆ. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ಅದರ ಪ್ರಕಾರ ಪರೀಕ್ಷೆಯಾಗಿ, ಆರ್‌ಸಿಯಲ್ಲಿ ಕ್ಯಾರವಾನ್ ಎಂದು ನಮೂದಾದ ಗಾಡಿಯನ್ನೇ ಕೊಳ್ಳಿ. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆಯವರು ಕೈ ಆಡಿಸುತ್ತಾರೆ. ಲೈಸೆನ್ಸಿನ ಬಗ್ಗೆ ಹೆದರಬೇಕಿಲ್ಲ. 7,500 ಕಿಲೋಗಿಂತ ಕಡಿಮೆ ತೂಕದ ಗಾಡಿಗೆ ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಸಾಕು. ಇಷ್ಟು ತೂಕದ ಸಾರಿಗೆ ವಾಹನಕ್ಕೂ ಅದೇ ನಡೆಯುತ್ತದೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಹೇಳಿತು.

ಇನ್ನು ಎಳೆಯುವ ವಿಚಾರ. ಅಮೆರಿಕದ ವಿಡಿಯೊ ನೋಡಿದವರು ತಪ್ಪದೆ ಕೇಳುತ್ತಾರೆ: ‘ಹಿಂದುಗಡೆ ಒಂದು ಆಲ್ಟೊ ಕಟ್ಕೊಂಡು ಹೋಗ್ಬಹುದಲ್ಲ ಸಾರ್?’ ಅಲ್ಲಿ ದೊಡ್ಡ ಕ್ಯಾರವಾನ್‌ಗಳು ಚಿಕ್ಕ ಕಾರನ್ನು ಎಳೆದುಕೊಂಡು ಹೋಗುತ್ತವೆ. ಮನೆಯನ್ನು ಒಂದೆಡೆ ನಿಲ್ಲಿಸಿ ಕಾರಿನಲ್ಲಿ ಊರು ಸುತ್ತುವುದು ಅಲ್ಲಿನ ಪದ್ಧತಿ. ನಮ್ಮಲ್ಲಿ ಓಡುವ ಸ್ಥಿತಿಯಲ್ಲಿರುವ ಕಾರನ್ನು ಹಾಗೆ ಕಟ್ಟಿ ಎಳೆಯಲು ಕಾನೂನು ಬಿಡುವುದಿಲ್ಲ. 1989ರ ರಸ್ತೆ ನಿಯಮಗಳಲ್ಲೇ ಇದಿತ್ತು, 2017ರ ಹೊಸ ನಿಯಮಗಳಲ್ಲೂ ಮುಂದುವರಿದಿದೆ. ಕೆಟ್ಟುನಿಂತ ಗಾಡಿ, ಪೂರ್ತಿ ಜೋಡಣೆಯಾಗದ ಗಾಡಿ ಮತ್ತು ನೋಂದಣಿಯಾದ ಟ್ರೇಲರ್, ಸೈಡ್ ಕಾರ್ ಇಷ್ಟನ್ನೇ ಎಳೆಯಬಹುದು. ಟ್ರೇಲರ್ ಎಂದರೆ ಅದಕ್ಕೂ ಆರ್‌ಟಿಒ ನಂಬರ್ ಬೇಕು. ನಮ್ಮ ಹಳ್ಳಿಗಳ ಟ್ರ್ಯಾಕ್ಟರ್ ಟ್ರೇಲರಿಗೆ ಬೇರೆ ನಂಬರ್ ಇರುವುದನ್ನು ಎಲ್ಲರೂ ನೋಡಿದ್ದೇವೆ.

ಕಾನೂನಿಗಿಂತ ನನಗೆ ಭಯವಿರುವುದು ಭಾರದ ಹಂಚಿಕೆಯದು. ನಮ್ಮಪ್ಪ ತಿರುಮಕೂಡಲು ನರಸೀಪುರದ ಕಡೆಯ ರೈತ. ಎತ್ತಿನ ಗಾಡಿಗೆ ಭತ್ತದ ಮೂಟೆ ಏರುವಾಗ ಅವರು ಮೂಕಿ ಹಿಡಿದು ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಪಟ್ಟಿ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ನೊಗದ ಮೇಲೆ ಸ್ವಲ್ಪ ಭಾರ ಕೂರಬೇಕು, ಜಾಸ್ತಿ ಆಗಬಾರದು. ಟ್ರೇಲರ್ ಎಳೆಯುವ ಕೊಕ್ಕೆಗೂ ಇದೇ ನ್ಯಾಯ. ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲೆ ಕೂರಬೇಕು ಎಂದು ಅಮೆರಿಕದವರು ಲೆಕ್ಕ ಹಿಡಿಯುತ್ತಾರೆ. ಹಿಂಭಾರವಾದ ಟ್ರೇಲರ್ ವೇಗದಲ್ಲಿ ಅತ್ತಿತ್ತ ಓಲಾಡಲು ಶುರುಮಾಡಿದರೆ ಮುಂದಿನ ಗಾಡಿಯನ್ನೂ ಎಳೆದು ಮಗುಚುತ್ತದೆ. ಇನ್ನು ಕೊಕ್ಕೆಯ ಮೇಲೆ ಕೂತ ಆ ಭಾರ ಹೋಗಿ ಬೀಳುವುದು ನಮ್ಮ ಹಿಂದಿನ ಆಕ್ಸಲ್ ಮೇಲೆ, ಅದು ಆಗಲೇ ನೀರು, ಬ್ಯಾಟರಿ ಹೊತ್ತು ಬಸವಳಿದಿರುತ್ತದೆ. ತಯಾರಕರ ಕಾಗದದಲ್ಲಿ ಎಷ್ಟು ಎಳೆಯಬಹುದೆಂದು ಬರೆದಿಲ್ಲವಾದರೆ ಎಳೆಯಬಾರದು, ಎಂಜಿನ್ನಿಗೆ ಶಕ್ತಿಯಿದೆ ಎಂಬುದು ಕಾರಣವಾಗದು. ನಮಗೆ ಕಾರು ಬೇಕೂ ಇಲ್ಲ. ಕುಶಾಲನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಕೈ ಎತ್ತಿದರೆ ಆಟೊ ನಿಲ್ಲುತ್ತದೆ. ಅವರಿಗೂ ನಾಲ್ಕು ಕಾಸು ಸಿಗಲಿ.

ಇಟ್ಟುಕೊಳ್ಳುವ ಕಷ್ಟ ಬೇರೆ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರ ಕಾಂಪೌಂಡಿನೊಳಗೆ ಈ ಗಾಡಿ ಹಿಡಿಯುವುದಿಲ್ಲ. ಬೀದಿಯಲ್ಲಿ ನಿಲ್ಲಿಸಿದರೆ ನೆರೆಯವರ ಗೇಟಿಗೆ ಅಡ್ಡ. ತಿಂಗಳುಗಟ್ಟಲೆ ನಿಂತರೆ ಟೈರು ಚಪ್ಪಟೆಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿಗಳಿಗಂತೂ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೊಗೆ ಚೆನ್ನಾಗಿ ಕಾದರೆ ಮಾತ್ರ ಅದರೊಳಗಿನ ಮಸಿ ಸುಟ್ಟುಹೋಗುತ್ತದೆ. ಮನೆ ಮುಂದೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಒಳ್ಳೆಯದಾಗುವುದಿಲ್ಲ, ಮಸಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಆದ್ದರಿಂದ ನಾನು ಆಗಾಗ ಬೆಳಗಿನ ಜಾವ ರಿಂಗ್ ರಸ್ತೆಯನ್ನು ಒಂದೇ ವೇಗದಲ್ಲಿ ಪೂರ್ತಿ ಸುತ್ತಿಬರುತ್ತೇನೆ. ಆ ಡೀಸೆಲ್ ಖರ್ಚನ್ನೂ ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಟೈರು ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಕ್ಯಾರವಾನ್ ಟೈರು ಸವೆದು ಸಾಯುವುದಕ್ಕಿಂತ ವಯಸ್ಸಾಗಿ ಸಾಯುವುದೇ ಹೆಚ್ಚು.

ಇಷ್ಟೆಲ್ಲ ಮಾಲೀಕನ ಕೈಯಲ್ಲಿದೆ. ದುಡ್ಡಿದ್ದರೆ, ತಾಳ್ಮೆಯಿದ್ದರೆ ಸರಿಯಾಗಿ ಮಾಡಬಹುದು. ಕಕ್ಕಸಿನ ಟ್ಯಾಂಕು ಮಾತ್ರ ಮಾಲೀಕನೊಬ್ಬನಿಂದ ಬಗೆಹರಿಯುವ ವಿಷಯವಲ್ಲ.

ನಮ್ಮ ಗಾಡಿಯಲ್ಲಿರುವುದು ಕ್ಯಾಸೆಟ್ ಟಾಯ್ಲೆಟ್. ಕೆಳಗೆ ಸುಮಾರು ಇಪ್ಪತ್ತು ಲೀಟರ್ ಹಿಡಿಯುವ ಡಬ್ಬ; ತುಂಬಿದಾಗ ಹೊರಗಿನ ಬಾಗಿಲಿನಿಂದ ಎಳೆದು ಖಾಲಿ ಮಾಡಬೇಕು. ಮನೆಯಲ್ಲಿದ್ದರೆ ನಮ್ಮ ಕಾಂಪೌಂಡಿನ ಯುಜಿಡಿ (ಒಳಚರಂಡಿ) ಚೇಂಬರಿಗೆ ಸುರಿದು ತೊಳೆಯುತ್ತೇನೆ. ಡಬ್ಬಕ್ಕೆ ಹಾಕುವ ಫಾರ್ಮಾಲಿನ್ ಇರುವ ನೀಲಿ ದ್ರಾವಣ ಕೊಳಚೆ ಶುದ್ಧೀಕರಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಹಾಗಾಗಿ ಎಂಜೈಮ್ ಪುಡಿ ಬಳಸುತ್ತೇವೆ. ಪ್ರಯಾಣದಲ್ಲಿ ಏನು ಮಾಡಬೇಕು? ಒಂದು ಊರಿನಲ್ಲಿ ಸ್ಥಳೀಯ ಕಚೇರಿಗೆ ಹೋಗಿ ವಿನಯದಿಂದಲೇ ಕೇಳಿದೆ. ‘ರಾತ್ರಿ ಹೊತ್ತು ಅಲ್ಲೇ ಮೋರಿಗೆ ಬಿಟ್ಬಿಡಿ, ಯಾರು ನೋಡ್ತಾರೆ’ ಎಂದರು. ಮೋರಿ ಮಳೆನೀರಿಗಾಗಿ ಇರುವುದು. ಅದು ಹೋಗಿ ಸೇರುವುದು ಯಾವುದೋ ಕೆರೆಗೆ. ನಮ್ಮ ದಳವಾಯಿ ಕೆರೆಗೆ ಕೊಳಚೆ ನುಗ್ಗಿ ಏನಾಗಿದೆ ಎಂದು ಬಲ್ಲ ಮೈಸೂರಿನವನು ಇನ್ನೊಂದು ಊರಿನ ಕೆರೆಗೆ ಅದನ್ನೇ ಮಾಡಲಾರ. ಮೋರಿ ಕಟ್ಟಿಕೊಂಡಾಗ ಕೈಹಾಕುವವರು ಪೌರಕಾರ್ಮಿಕರು. ಮನುಷ್ಯರು ಮಲ ಬಳಿಯಬಾರದು ಎಂದು 2013ರಲ್ಲಿ ಕಾಯ್ದೆ ಮಾಡಿದ ದೇಶದಲ್ಲಿ, ವಿಹಾರಕ್ಕೆ ಹೊರಟವನು ತನ್ನ ಮಲವನ್ನು ಇನ್ನೊಬ್ಬರ ಕೈಗೆ ಬಿಟ್ಟು ಮುಂದೆ ಹೋಗುವುದು ಅನ್ಯಾಯ. ನಾವು ತುಂಬಿದ ಡಬ್ಬವನ್ನು ಮನೆಗೇ ಹೊತ್ತು ತಂದದ್ದೂ ಇದೆ.

ವಿದ್ಯುತ್ತಿನದೂ ಇಂಥದೇ ಕಥೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡದ್ದೇ ಕಾರಣ ಎಂದು ತನಿಖೆಯಲ್ಲಿ ಗೊತ್ತಾಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುವ ಗಾಳಿ ಅದು. ನಿಂತಲ್ಲಿ ಒಂದು ಪ್ಲಗ್ಗು ಸಿಕ್ಕಿದ್ದರೆ ಜನರೇಟರ್ ಹಚ್ಚುವ ಅಗತ್ಯವೇ ಇರುತ್ತಿರಲಿಲ್ಲ.

ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದು, 2022ರ ಫೆಬ್ರವರಿಯಲ್ಲಿ ವಾಗಮಣ್ಣಿನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಅದು ರೆಸಾರ್ಟಿನ ಮಾದರಿ. ನಾನು ಕೇಳುತ್ತಿರುವುದು ಅದಲ್ಲ. ಮೈಸೂರಿಗೆ ಬೇಕಾದದ್ದು ಒಂದು ಸಾದಾ ಅಂಗಳ, ಅದರಲ್ಲಿ ನೀರಿನ ನಲ್ಲಿ, ಮೀಟರ್ ಇರುವ ಪ್ಲಗ್ಗುಗಳು, ಗಂಡಸರಿಗೂ ಹೆಂಗಸರಿಗೂ ಸ್ನಾನದ ಮನೆ, ಶೌಚಾಲಯ, ಮತ್ತು ಮೂಲೆಯಲ್ಲಿ ಇಳಿಜಾರಾಗಿ ಹಾಕಿದ ಒಂದು ಕಾಂಕ್ರೀಟು ಕಟ್ಟೆ. ಕಟ್ಟೆಯ ನಡುವೆ ಮುಚ್ಚಳವಿರುವ ಬಾಯಿ, ಅದು ನೇರ ಯುಜಿಡಿಗೆ. ತೊಳೆಯಲು ಪಕ್ಕದಲ್ಲಿ ಬೇರೆಯದೇ ನಲ್ಲಿ, ಅದಕ್ಕೂ ಕುಡಿಯುವ ನೀರಿನ ಕೊಳವೆಗೂ ಸಂಬಂಧವಿರಬಾರದು. ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಗಳಲ್ಲಿ ಕೊಳಚೆ ಶುದ್ಧೀಕರಣ ಘಟಕಗಳಿವೆ. ಕಟ್ಟೆಯ ಕೊಳಚೆ ಅಲ್ಲಿಗೇ ಹೋಗುತ್ತದೆ. ಹೊಸ ಯಂತ್ರ ತರಬೇಕಿಲ್ಲ, ಹೊಸ ಇಲಾಖೆ ಕಟ್ಟಬೇಕಿಲ್ಲ.

ನಾಲ್ಕು ಜನ ಉಳ್ಳವರ ಗಾಡಿಗೆ ಊರಿನ ಜಾಗ ಯಾಕೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಅವರು ದಸರಾ ದಿನಗಳಲ್ಲಿ ದೊಡ್ಡಕೆರೆ ಮೈದಾನದ ಕಡೆ ಒಮ್ಮೆ ನಡೆದು ಬರಲಿ. ಆಂಧ್ರದಿಂದ, ತಮಿಳುನಾಡಿನಿಂದ, ನಮ್ಮದೇ ಉತ್ತರ ಕರ್ನಾಟಕದಿಂದ ಬಂದ ಯಾತ್ರೆಯ ಬಸ್ಸುಗಳು, ಟಿಟಿಗಳು. ಬಸ್ಸಿನ ಮಗ್ಗುಲಲ್ಲಿ ಒಲೆ ಹೂಡಿ ಚಿತ್ರಾನ್ನ ಕಲಸುತ್ತಿರುತ್ತಾರೆ. ಅಜ್ಜಿಯರು ಬಕೆಟ್ ಹಿಡಿದು ನೀರು ಕೇಳುತ್ತ ಓಡಾಡುತ್ತಾರೆ. ಹರೆಯದ ಹುಡುಗಿಯರು ಕತ್ತಲಾಗುವುದನ್ನು ಕಾಯುತ್ತಾರೆ. ಟ್ಯಾಕ್ಸಿ ಡ್ರೈವರುಗಳು ಸೀಟು ಒರಗಿಸಿ, ಕಿಟಕಿಗೆ ಟವೆಲ್ ಸಿಕ್ಕಿಸಿ ಮಲಗಿರುತ್ತಾರೆ. ಗಿರಾಕಿಗೆ ರೂಮು ಕೊಟ್ಟ ಹೋಟೆಲು ಡ್ರೈವರಿಗೆ ಸ್ನಾನಕ್ಕೆ ಜಾಗ ಕೊಟ್ಟಿರುವುದಿಲ್ಲ. ಹೊರರಾಜ್ಯದ ಪ್ರವಾಸಿ ವಾಹನಗಳಿಗೆ ದಸರಾ ಕಾಲದಲ್ಲಿ ಸರ್ಕಾರ ತೆರಿಗೆ ಬಿಟ್ಟು ಕರೆಯುತ್ತದೆ. ಬಂದವರಿಗೆ ಕೈಕಾಲು ತೊಳೆಯಲು ಒಂದು ಜಾಗವನ್ನೂ ಕೊಡುವುದು ಆ ಕರೆಯ ಭಾಗವಲ್ಲವೇ? ಚಕ್ರದ ಮೇಲೆ ಸಂಸಾರ ಹೂಡಿದವರಲ್ಲಿ ಹೆಚ್ಚಿನವರು ಇವರೇ. ನಾನು ಕೇಳುವ ಅಂಗಳ ಮೊದಲು ಅವರದು, ಆಮೇಲೆ ನಮ್ಮಂಥವರದು. ಅವರಿಗೆ ಶೌಚಾಲಯ, ನೀರು ಉಚಿತವಾಗಿರಲಿ. ಪ್ಲಗ್ಗು, ಟ್ಯಾಂಕಿನ ಕಟ್ಟೆ ಬಳಸುವ ನಾವು ದುಡ್ಡು ಕೊಡುತ್ತೇವೆ. ಕೊಡಲೇಬೇಕು.

ಬಂಡೀಪುರದ ರಾತ್ರಿ ಸಂಚಾರ ನಿಷೇಧವೂ ಇದಕ್ಕೆ ಸೇರಿಕೊಳ್ಳುತ್ತದೆ. 2009ರಿಂದ ರಾತ್ರಿ ಒಂಬತ್ತಕ್ಕೆ ಕಾಡಿನ ದಾರಿ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಆ ನಿಷೇಧ ಇರಲೇಬೇಕು; ರಾತ್ರಿ ದಾರಿ ಪ್ರಾಣಿಗಳದು. ವಯನಾಡು, ಊಟಿಗೆ ಹೊರಟು ತಡವಾದವರು ಚೆಕ್‌ಪೋಸ್ಟಿನ ಹತ್ತಿರ ರಸ್ತೆಬದಿಯಲ್ಲಿ ರಾತ್ರಿ ಕಳೆಯುವ ಬದಲು ಮೈಸೂರಿನಲ್ಲೇ ತಂಗಿ ನಸುಕಿನಲ್ಲಿ ಹೊರಡಬಹುದು. ನಂಜನಗೂಡು ರಸ್ತೆಯ ಕಡೆ ರಿಂಗ್ ರಸ್ತೆಗೆ ತಾಗಿದಂತೆ ಅಂಗಳವಿದ್ದರೆ ಅವರಿಗೆ ಊರೊಳಗೆ ನುಗ್ಗುವ ಕೆಲಸವೂ ಇರುವುದಿಲ್ಲ, ನಮಗೆ ಅವರ ದಟ್ಟಣೆಯೂ ಇರುವುದಿಲ್ಲ. ಚಾಮುಂಡಿ ಬೆಟ್ಟದ ಮೇಲೆ ಮಾತ್ರ ದಯವಿಟ್ಟು ಬೇಡ. ಆ ಬೆಟ್ಟ ಹೊತ್ತದ್ದು ಸಾಕು.

ರೈಲ್ವೆ ಸ್ಟೇಷನ್ನಿನ ಪಕ್ಕದ ರೈಲು ಮ್ಯೂಸಿಯಮ್ಮಿನಲ್ಲಿ ಮಹಾರಾಣಿಯವರ 1899ರ ಸಲೂನ್ ಬೋಗಿ ಇದೆ. ಅಡುಗೆಯ ಭಾಗ, ಊಟದ ಭಾಗ, ಶೌಚಾಲಯ ಎಲ್ಲ ಅದರ ಜೊತೆಗಿದ್ದವು. ಎಂಜಿನ್ ಬೇರೆ, ಮನೆ ಬೇರೆ. ಎಳೆದುಕೊಂಡು ಹೋಗುವ ಮನೆ. ಶಾಲೆಯ ಮಕ್ಕಳು ಕಿಟಕಿಗೆ ಮೂಗೊತ್ತಿ ನೋಡುತ್ತಾರೆ. ನನಗೆ ಅದನ್ನು ಕಂಡಾಗ ಹೊಳೆಯುವುದು ಇನ್ನೊಂದು ಸಂಗತಿ. ಅಂಥ ಬೋಗಿ ಹೋದ ಊರಲ್ಲಿ ನಿಲ್ಲಲು ರೈಲಿನವರ ಸೈಡಿಂಗ್ ಇರುತ್ತಿತ್ತು, ನೀರು ತುಂಬಲು ಏರ್ಪಾಡಿರುತ್ತಿತ್ತು. ಹಳಿ ಹಾಕಿದವರು ನಿಲ್ಲುವ ಜಾಗವನ್ನೂ ಜೊತೆಗೇ ಯೋಚಿಸಿದ್ದರು. ರಸ್ತೆ ಹಾ‌ಕುವವರು ಯೋಚಿಸುತ್ತಿಲ್ಲ.

ಹಾಗೆ ಮುಂದಾಲೋಚಿಸುವುದು ಈ ಊರಿಗೆ ಹೊಸತಲ್ಲ. ಪ್ಲೇಗಿನ ಪೆಟ್ಟು ತಿಂದ ಮೈಸೂರು 1903ರಲ್ಲೇ ಸಿಐಟಿಬಿ ಎಂಬ ನಗರ ಸುಧಾರಣಾ ಮಂಡಳಿ ಕಟ್ಟಿ, ಚರಂಡಿ, ಗಾಳಿ, ಬೆಳಕು ನೋಡಿಕೊಂಡು ಬಡಾವಣೆ ಮಾಡಿತು. ಹಳೆಯ ಬಡಾವಣೆಗಳ ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು ಅದೇ ಯೋಚನೆಯ ಗುರುತು. ಮಲ ಹೊರುವ ಕ್ರೂರ ಪದ್ಧತಿಯ ನೆನಪೂ ಆ ಗಲ್ಲಿಗಳಲ್ಲಿದೆ, ಅದನ್ನು ಮರೆಮಾಚಬಾರದು. ಆದರೂ ಹೊಲಸು ಎಲ್ಲಿಗೆ ಹೋಗಬೇಕು ಎಂಬುದನ್ನು ಮನೆ ಕಟ್ಟುವ ಮೊದಲೇ ಕೇಳಿದ ಊರು ಇದು. ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015, 2016ರಲ್ಲಿ ದೇಶಕ್ಕೇ ಮೊದಲು ಬಂದದ್ದನ್ನು ನಾವು ಇನ್ನೂ ಹೇಳಿಕೊಳ್ಳುತ್ತೇವೆ.

ಜಾಗಕ್ಕೆ ಬಹಳ ಅಲೆಯಬೇಕಿಲ್ಲ. ವಸ್ತುಪ್ರದರ್ಶನದ ಮೈದಾನದ ಸುತ್ತಲಿನ ವಾಹನ ನಿಲುಗಡೆ ಜಾಗ ದಸರಾ ಹಂಗಾಮು ಮುಗಿದ ಮೇಲೆ ಬಹುಪಾಲು ಖಾಲಿ ಇರುತ್ತದೆ. ಅದರ ಒಂದು ಮೂಲೆಯಲ್ಲಿ ಈ ವರ್ಷ ಕಟ್ಟೆ, ನಲ್ಲಿ, ಶೌಚಾಲಯ ಆಗಲಿ. ಬಳಕೆ ನೋಡಿಕೊಂಡು ರಿಂಗ್ ರಸ್ತೆಯ ಜಾಗವನ್ನು ಆಮೇಲೆ ಹುಡುಕೋಣ. ನೋಡಿಕೊಳ್ಳುವ ಕೆಲಸವನ್ನು ಸಂಬಳ, ಕೈಗವಸು, ಗುರುತಿನ ಚೀಟಿ ಕೊಟ್ಟು ಸ್ತ್ರೀಶಕ್ತಿ ಸಂಘವೊಂದಕ್ಕೆ ವಹಿಸಬಹುದು. ಟ್ಯಾಂಕು ಖಾಲಿ ಮಾಡುವುದು ಮಾತ್ರ ಕಡ್ಡಾಯವಾಗಿ ಗಾಡಿಯವರದೇ ಕೈ. ಕಟ್ಟೆಯ ಉದ್ದಗಲ, ಇಳಿಜಾರು, ಕೊಳವೆಯ ಅಳತೆ, ಟಿಟಿ ಮತ್ತು ದೊಡ್ಡ ಬಸ್ಸು ತಿರುಗಲು ಬೇಕಾದ ಜಾಗ ಎಲ್ಲವನ್ನೂ ನಾನು ಕಾಗದದ ಮೇಲೆ ಬರೆದಿಟ್ಟಿದ್ದೇನೆ. ಜೊತೆಗೆ ಕೆಲಸ ಮಾಡಿ ನಿವೃತ್ತರಾದ ಗೆಳೆಯರು ಲೆಕ್ಕ ತಾಳೆ ನೋಡಿಕೊಟ್ಟಿದ್ದಾರೆ. ಪಾಲಿಕೆಯ ಎಂಜಿನಿಯರುಗಳು ಕರೆದರೆ ನಕ್ಷೆ ಹಿಡಿದು ಬರುತ್ತೇವೆ.